ಕೆನಡಾದ ಕೋಣೆಯ ಕರೆಂಟು

ಪರ್ಕಳದ ದೇವದಾಸ ಶೆಟ್ಟರ ಮನೆಗೆ ತ್ರೀ ಫೇಸ್ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ಎರಡು ಅಂತಸ್ತು, ಬೇಸಿಗೆಯಲ್ಲೂ ಬತ್ತದ ಬಾವಿ, ಬಾವಿಗೊಂದು ಪಂಪು, ಗೇಟಿನ ಮೇಲೆ ಸಿಮೆಂಟಿನ ಎರಡು ಸಿಂಹ. ಕೆಳಗೆ ಶೆಟ್ಟರು ಮತ್ತು ಅವರ ಹೆಂಡತಿ ಕುಶಲಕ್ಕ. ಮೇಲೆ ಸಾಲಾಗಿ ಮೂರು ಕೋಣೆ, ಕೋಣೆಗೊಬ್ಬನಂತೆ ಮಣಿಪಾಲದಲ್ಲಿ ಓದುವ ಮೂವರು ಹುಡುಗರು. ಇಷ್ಟೂ ಜನಕ್ಕೆ ಕಂಬದಿಂದ ಬರುತ್ತಿದ್ದದ್ದು ಒಂದೇ ಫೇಸು. ಬೆಳಿಗ್ಗೆ ಮೇಲೆ ಒಬ್ಬ ಗೀಸರ್ ಹಾಕಿ, ಇನ್ನೊಬ್ಬ ಇಸ್ತ್ರಿಪೆಟ್ಟಿಗೆ ಕಾಯಿಸಿ, ಅದೇ ಹೊತ್ತಿಗೆ ಕೆಳಗೆ ಕುಶಲಕ್ಕ ಗ್ರೈಂಡರಿನ ಸ್ವಿಚ್ಚು ಒತ್ತಿದರೆ ಮುಗಿಯಿತು. ಟಪ್ ಎಂದು ಫ್ಯೂಸು ಹೋಗುತ್ತಿತ್ತು. ಫ್ಯೂಸು ಹೋದ ಮೇಲೆ ಮನೆಯಲ್ಲಿ ಮೊದಲು ಕೇಳಿಸುತ್ತಿದ್ದದ್ದು ಕುಶಲಕ್ಕನ ದನಿ.

"ಮೇಲಿನವರೇ, ಇವತ್ತು ಯಾರ ಮದುವೆ ಉಂಟು? ಇಸ್ತ್ರಿ ಹಾಕ್ತಾ ಇರುವ ಮದುಮಗ ಯಾರು?"

ಮದುಮಗ ಸಾಮಾನ್ಯವಾಗಿ ಪ್ರವೀಣ್ ಗುರುಂಗ್ ಆಗಿರುತ್ತಿದ್ದ. ನೇಪಾಳದ ಹುಡುಗ. ಕರ್ಚೀಪಿಗೂ ಇಸ್ತ್ರಿ ಹಾಕಿಕೊಳ್ಳುವವನು. ಎರಡನೆಯ ಕೋಣೆಯಲ್ಲಿದ್ದ ರೋಹಿತ್ ಕುವೈತಿನಲ್ಲಿ ಹುಟ್ಟಿ ಬೆಳೆದವನು. ಅಜ್ಜಿಯ ಮನೆ ಕಾಪುವಿನಲ್ಲಿ. ಸೆಖೆ ಎಂಬ ಮಾತನ್ನು ದಿನಕ್ಕೆ ಹಲವು ಸಲ ಹೇಳುವುದು ಬಿಟ್ಟರೆ ಅವನಲ್ಲಿ ಬೇರೆ ದೋಷವಿರಲಿಲ್ಲ. ಮೂರನೆಯವನು ಕಾರ್ಲ್ಟನ್. ಹುಟ್ಟಿದ್ದು ಕೆನಡಾದ ಟೊರೊಂಟೋದಲ್ಲಿ, ತಾಯಿಯ ಊರು ಕಾರ್ಕಳ. ಅವನು ತಣ್ಣೀರಲ್ಲಿ ಸ್ನಾನ ಮಾಡಿ, ಒಂದು ಫ್ಯಾನಿನ ಕೆಳಗೆ ಬನಿಯನ್ನಿನಲ್ಲಿ ಕುಳಿತು ಓದುತ್ತಿದ್ದ. ಕೋಣೆಯಿಂದ ಹೊರಗೆ ಹೋಗುವಾಗ ಲೈಟು ಆರಿಸುತ್ತಿದ್ದ. ಪಕ್ಕದ ಕೋಣೆಯದ್ದನ್ನೂ ಆರಿಸುತ್ತಿದ್ದ.

ಕುಶಲಕ್ಕನ ಗ್ರೈಂಡರು ಮನೆಬಳಕೆಯ ಆಟದ ಸಾಮಾನಲ್ಲ, ಹೋಟೆಲಿನವರು ಇಟ್ಟುಕೊಳ್ಳುವಂಥದ್ದು. ದೋಸೆ ಹಿಟ್ಟನ್ನು ಪ್ಯಾಕೆಟ್ ಮಾಡಿ ಅವರು ಪರ್ಕಳದ ಅಂಗಡಿಗಳಿಗೆ ಕೊಡುತ್ತಿದ್ದರು. ಆದರೆ ಈ ಸಲದ ಮಾತು ಪ್ಯಾಕೆಟ್ಟಿನದ್ದಲ್ಲ. ಕುಕ್ಕುಂದೂರಿನಲ್ಲಿ ಅವರ ಅಣ್ಣ ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶದ, ಅಂದರೆ ಒಕ್ಕಲಿನ ದಿನ ಬೆಳಗಿನ ತಿಂಡಿಗೆ ಮುನ್ನೂರು ಜನಕ್ಕೆ ಮೂಡೆ, ಅಂದರೆ ಮುಂಡೇವಿನ ಎಲೆಯ ಕೊಳವೆಯಲ್ಲಿ ಹಿಟ್ಟು ಹೊಯ್ದು ಬೇಯಿಸುವ ಉದ್ದನೆಯ ಕಡುಬು. ಅದನ್ನು ಕಾರ್ಕಳದ ಕ್ಯಾಟರಿಂಗಿನವರಿಗೆ ಕೊಡಬೇಕೆಂದು ಅತ್ತಿಗೆಯ ಮನಸ್ಸು. "ಕುಶಲಾ ಮಾಡುವುದು ಪ್ಯಾಕೆಟ್ ಹಿಟ್ಟು. ಮುನ್ನೂರು ಜನರ ಮುಂದೆ ಇಡುವಂಥದ್ದಲ್ಲ" ಎಂದು ಅವರು ಹೇಳಿದ ಮಾತು ಮೂರು ಬಾಯಿ ದಾಟಿ, ದಾರಿಯಲ್ಲಿ ಇನ್ನಷ್ಟು ಖಾರ ಸೇರಿಸಿಕೊಂಡು ಪರ್ಕಳ ಮುಟ್ಟಿತ್ತು. ಕುಶಲಕ್ಕ ಆಗಲೇ ಅಣ್ಣನಿಗೆ ಫೋನು ಮಾಡಿದ್ದರು.

"ಹಿಟ್ಟು ನಾನೇ ತರ್ತೇನೆ. ಇಬ್ಬರು ಸೇರಿ ಒಂದೇ ಮಾತಲ್ಲಿ ಸರಿ ಇಲ್ಲ ಅಂದರೆ ನಿನ್ನ ಮನೆಯ ಮೆಟ್ಟಲು ಇನ್ನು ಹತ್ತುವುದಿಲ್ಲ."

ಕುಶಲಕ್ಕ ಹೇಳಿದ್ದನ್ನು ಮಾಡುವ ಹೆಂಗಸು. ಒಮ್ಮೆ ಉಚ್ಚಿಲದ ಚಿಕ್ಕಮ್ಮನ ಮನೆಗೆ ಹೋಗುವುದಿಲ್ಲ ಎಂದವರು ಆ ಊರಿನ ಬಸ್‌ಸ್ಟಾಪಿನಲ್ಲಿಯೂ ಇಳಿದಿರಲಿಲ್ಲ. ಆದ್ದರಿಂದ ಹಿಟ್ಟು ಕೆಟ್ಟರೆ ಅಣ್ಣನ ಮನೆ ಹೋದಂತೆಯೇ ಎಂದು ಶೆಟ್ಟರಿಗೂ ಗೊತ್ತಿತ್ತು. ಫ್ಯೂಸಿನ ಸಮಸ್ಯೆಯನ್ನು ತಾನೇ ಪರಿಹರಿಸುತ್ತೇನೆ ಎಂದು ಅವರು ಹೆಂಡತಿಗೆ ಮಾತು ಕೊಟ್ಟರು. ಮನೆಗೆ ಕೆಟ್ಟ ಕಾಲ ಶುರುವಾದದ್ದು ಅಲ್ಲಿಂದ.

ಶೆಟ್ಟರು ಮಣಿಪಾಲದಲ್ಲಿ ಬಹಳ ವರ್ಷ ಜೆರಾಕ್ಸ್ ಅಂಗಡಿ ಇಟ್ಟವರು. ಅವರ ವಿದ್ಯೆಯೆಲ್ಲ ಹಾಳಾದ ಪ್ರತಿಗಳಿಂದ ಬಂದದ್ದು. ಮಸಿ ಹರಡಿದ್ದು, ಓರೆಯಾಗಿ ಬಿದ್ದದ್ದು, ಯಾರೂ ಒಯ್ಯದೆ ಬಿಟ್ಟದ್ದು, ಇದನ್ನೆಲ್ಲ ಸಂಜೆ ಮನೆಗೆ ತಂದು ಓದುತ್ತಿದ್ದರು. ಮನುಷ್ಯನ ಹೃದಯದ ಎಡಭಾಗ ಅವರಿಗೆ ಬಾಯಿಪಾಠ. ಬಲಭಾಗ ಚೆನ್ನಾಗಿ ಮೂಡಿದ್ದರಿಂದ ಹುಡುಗರು ಒಯ್ದಿದ್ದರು. ಹೀಗೆಯೇ ಒಮ್ಮೆ ಸಿಕ್ಕ ಹಾಳೆಯೊಂದರಲ್ಲಿ ಯಾವ ದೇಶದ ಒಂದು ಮನೆಗೆ ವರ್ಷಕ್ಕೆ ಎಷ್ಟು ಕರೆಂಟು ಬೇಕು ಎಂಬ ಪಟ್ಟಿ ಇತ್ತು. ಕೆನಡಾದ ಒಂದು ಮನೆ ಸುಡುವುದು ನಮ್ಮ ಸುಮಾರು ಹತ್ತು ಮನೆಗಳಷ್ಟು. ನೇಪಾಳದ್ದು ನಮ್ಮ ಅರ್ಧದ ಹತ್ತಿರ. ಶೆಟ್ಟರು ಆ ಹಾಳೆಯನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದರು. ಈಗ ಅದನ್ನು ಹೊರತೆಗೆದು, ಕನ್ನಡಕ ಒರೆಸಿಕೊಂಡು, ಮೇಲಿನ ಮೂವರನ್ನೂ ಮೆಟ್ಟಲಿನ ತಿರುವಿಗೆ ಕರೆದರು.

"ನೋಡಿ ಮಕ್ಕಳೇ, ಜಗಳ ಬೇಡ. ಯಾರಿಗೆ ಎಷ್ಟು ಬೇಕು ಅಂತ ದೊಡ್ಡವರು ಲೆಕ್ಕ ಹಾಕಿ ಇಟ್ಟಿದ್ದಾರೆ. ಕಾರ್ಲ್ಟನ್, ನಿನಗೆ ಹತ್ತು ಪಾಲು."

"ನನಗೆ ಹತ್ತು ಪಾಲು ಬೇಡ ಅಂಕಲ್" ಎಂದ ಕಾರ್ಲ್ಟನ್. ಅವನು ಕನ್ನಡ ಕಲಿತದ್ದು ಅಜ್ಜಿಯಿಂದ. ಮಾತು ನಿಧಾನ, ಅಕ್ಷರ ಪೂರ್ತಿ. "ನನಗೆ ಒಂದು ಫ್ಯಾನು ಸಾಕಾಗುತ್ತದೆ."

"ನಿನಗೆ ಸಾಕಾಗಬಹುದು. ನಿನ್ನ ದೇಶಕ್ಕೆ ಸಾಕಾಗಬೇಕಲ್ಲ? ನಾಳೆ ಅಲ್ಲಿ ಹೋಗಿ ಪರ್ಕಳದಲ್ಲಿ ನನ್ನನ್ನು ಕತ್ತಲಲ್ಲಿ ಕೂರಿಸಿದರು ಅಂತ ನೀನು ಹೇಳಿದರೆ ಹೋಗುವುದು ಯಾರ ಮಾನ?"

"ಅಂಕಲ್, ನಾನು ಕುವೈತ್" ಎಂದು ರೋಹಿತ್ ಮುಂದೆ ಬಂದ. ಹಾಳೆಯಲ್ಲಿ ಕುವೈತಿನ ಗೆರೆ ಎಲ್ಲಕ್ಕಿಂತ ಉದ್ದವಿದ್ದುದನ್ನು ಅವನು ಶೆಟ್ಟರ ಹೆಗಲ ಮೇಲಿಂದ ನೋಡಿದ್ದ.

"ಪಾಸ್‌ಪೋರ್ಟು ಯಾವುದು?"

"ಅದು ಇಂಡಿಯಾದ್ದು. ಆದರೆ ಸೆಖೆ ಕುವೈತಿನದ್ದು."

"ಸೆಖೆಗೆ ಪಾಸ್‌ಪೋರ್ಟು ಕೊಡುವುದಿಲ್ಲ ಮಾರಾಯ. ನೀನು ಇಂಡಿಯಾ. ಒಂದು ಪಾಲು."

ಪ್ರವೀಣ ಹಾಳೆಯ ಕಡೆ ಬಗ್ಗಿದ. ಹಾಳೆಯ ಕೆಳತುದಿಯಲ್ಲಿ ನೇಪಾಳದ ಗೆರೆ ಇರುವೆಯಷ್ಟಿತ್ತು. "ನಂದು ಇಸ್ತ್ರಿ?" ಎಂದ.

"ನಿಮ್ಮ ದೇಶಕ್ಕೆ ಒಂದು ಬಲ್ಬು, ಒಂದು ಫ್ಯಾನು, ಮೊಬೈಲು. ನಾನು ಹೇಳುವುದಲ್ಲ, ಕಾಗದ ಹೇಳುವುದು."

ಬರೀ ಹೇಳಿ ಬಿಡುವ ಮನುಷ್ಯರಲ್ಲ ಶೆಟ್ಟರು. ಹಳೆಯ ಮನೆ, ಕೋಣೆಗೊಂದು ಪಿಂಗಾಣಿಯ ಫ್ಯೂಸು. ಮಧ್ಯಾಹ್ನ ಹುಡುಗರು ಕಾಲೇಜಿಗೆ ಹೋದಾಗ ಅವರು ಫ್ಯೂಸು ತಂತಿಯ ಸುರುಳಿ ತಂದು ನ್ಯಾಯವನ್ನು ತಂತಿಯಲ್ಲಿಯೇ ಬರೆದರು. ಕಾರ್ಲ್ಟನ್ನನ ಫ್ಯೂಸಿಗೆ ಹತ್ತು ಎಳೆ ಹೊಸೆದು ಕಟ್ಟಿದರು. ರೋಹಿತನಿಗೆ ಒಂದು. ಅರ್ಧ ಎಳೆ ಪೇಟೆಯಲ್ಲಿ ಸಿಗದ ಕಾರಣ ಪ್ರವೀಣನ ಪಾಲಿಗೆ ಒಂದೇ ಎಳೆಯನ್ನು ಇಕ್ಕಳದಲ್ಲಿ ಎಳೆದೆಳೆದು ತೆಳ್ಳಗೆ ಮಾಡಿದರು. ಕೆಳಗಿನ ಮನೆಯೂ ಇಂಡಿಯಾವೇ ಆದ್ದರಿಂದ, ಪಕ್ಷಪಾತ ಮಾಡಿದರು ಎಂಬ ಮಾತು ಬರಬಾರದೆಂದು ಅಡುಗೆಮನೆಗೂ ಒಂದೇ ಎಳೆ. ಕೊನೆಗೆ ಎಲ್ಲವನ್ನೂ ಕೂಡಿಸಿ ಮೇನ್ ಫ್ಯೂಸಿಗೆ ಹನ್ನೆರಡೂವರೆ. ಇಷ್ಟು ಪ್ರಾಮಾಣಿಕವಾದ ಫ್ಯೂಸು ಬೋರ್ಡು ಉಡುಪಿ ಜಿಲ್ಲೆಯಲ್ಲಿ ಇನ್ನೊಂದಿರಲಾರದು.

ಸಂಜೆ ಕುಶಲಕ್ಕ ಗ್ರೈಂಡರಿನ ಸ್ವಿಚ್ಚು ಒತ್ತಿದರು. ಕಲ್ಲು ಅರ್ಧ ಸುತ್ತು ತಿರುಗಿ ನಿಂತಿತು.

"ಇದು ಎಂತ ಆಯ್ತು?"

ಶೆಟ್ಟರು ಹಾಳೆ ತೋರಿಸಿ ವಿವರಿಸಿದರು. ಕುಶಲಕ್ಕ ಪೂರ್ತಿ ಕೇಳಿದರು. ಒಳಗೆ ಹೋದರು. ರಾತ್ರಿಯ ಊಟಕ್ಕೆ ಶೆಟ್ಟರ ತಟ್ಟೆಯಲ್ಲಿ ಒಂದು ಚಮಚ ಕುಚ್ಚಲಕ್ಕಿ ಅನ್ನ, ಬೂತಾಯಿ ಮೀನಿನ ಬಾಲ, ಬೆರಳ ತುದಿಯಷ್ಟು ಉಪ್ಪಿನಕಾಯಿ ಇದ್ದವು.

"ಉಳಿದದ್ದು?" ಎಂದರು ಶೆಟ್ಟರು.

"ಉಳಿದದ್ದು ಮೇಲೆ ಕಳಿಸಿದ್ದೇನೆ, ಕಾರ್ಲ್ಟನ್‌ಗೆ. ಊಟದ ಲೆಕ್ಕ ಕಾಗದದಲ್ಲಿ ಬೇರೆ ಉಂಟಾ? ಇದ್ದರೆ ತೋರಿಸಿ, ಬಡಿಸುವ."

ಶೆಟ್ಟರು ಆ ಬಾಲವನ್ನು ಬಹಳ ಹೊತ್ತು ತಿಂದರು. ಆದರೂ ತತ್ವ ಬಿಡಲಿಲ್ಲ. "ತ್ರೀ ಫೇಸ್ ಬರಲಿ ಕುಶಲಾ. ಆಗ ಇಂಡಿಯಾದ ಪಾಲೂ ಮೂರು ಪಟ್ಟು ಆಗ್ತದೆ" ಎಂದರು. ಮೂರು ಪಟ್ಟು ಎಂದರೆ ಮೂರು ಚಮಚ ಅನ್ನ ಎಂದು ಕುಶಲಕ್ಕ ಲೆಕ್ಕ ಹಾಕಿದ್ದು ಅವರ ಮುಖದಲ್ಲೇ ಕಾಣುತ್ತಿತ್ತು.

ಮರುದಿನ ಶೆಟ್ಟರು ಅರ್ಜಿ ಹಿಡಿದು ಕರೆಂಟು ಆಫೀಸಿಗೆ ಹೋದರು. ಗುಮಾಸ್ತ ಅದನ್ನು ಒಮ್ಮೆ ಓದಿ, ಹಿಂದೆ ತಿರುಗಿಸಿ ನೋಡಿ, ಮತ್ತೆ ಮುಂದೆ ತಿರುಗಿಸಿದ.

"ಕಾರಣ ಎಂತ ಬರೆದಿದ್ದೀರಿ ಮಾರಾಯ್ರೆ? ಕೆನಡಾ ಒಂದು, ಇಂಡಿಯಾ ಎರಡು, ನೇಪಾಳ ಒಂದು. ಇದು ಮನೆಯೋ ಒಲಿಂಪಿಕ್ಸೋ?"

"ಮನೆಯೇ. ಡೋರ್ ನಂಬರ್ ಮೇಲೆ ಉಂಟಲ್ಲ."

"ಇಲ್ಲಿ ಮೋಟಾರು ಎಷ್ಟು, ಗೀಸರು ಎಷ್ಟು ಅಂತ ಬರೀಬೇಕು."

"ಅದೆಲ್ಲ ಕೆನಡಾದ ಒಳಗೆ ಬಂತು."

"ಕೆನಡಾ ಅಂದ್ರೆ ಎಷ್ಟು ಕಿಲೋವಾಟ್?"

"ಹತ್ತು ಇಂಡಿಯಾ."

"ಒಂದು ಇಂಡಿಯಾ ಎಷ್ಟು?"

"ಕೆನಡಾದ ಹತ್ತರಲ್ಲಿ ಒಂದು."

ಗುಮಾಸ್ತ ಪೆನ್ನಿನ ಮುಚ್ಚಳ ಹಾಕಿದ. ಆದರೆ ಹಿಂದೆ ಸಾಲಿನಲ್ಲಿ ನಿಂತವರಿಗೆ ವಿಷಯ ಇಷ್ಟವಾಗಿತ್ತು. "ನನ್ನ ಮಗಳು ದುಬಾಯಿಯಲ್ಲಿರುವುದು. ಅವಳು ರಜೆಯಲ್ಲಿ ಬಂದಾಗ ಮಾತ್ರ ಹೆಚ್ಚು ಕೊಡ್ತೀರಾ?" ಎಂದು ಒಬ್ಬರು ಕೇಳಿದರು. "ನನ್ನ ಅಳಿಯ ಜರ್ಮನಿ. ಆದರೆ ಅವನು ಬರುವುದೇ ಇಲ್ಲ. ಅವನ ಪಾಲು ನಮಗೆ ಸಿಗ್ತದಾ?" ಎಂದು ಇನ್ನೊಬ್ಬರು. ತನ್ನ ಮನೆಯಲ್ಲಿ ಯಾರೂ ಎಲ್ಲಿಗೂ ಹೋಗಿಲ್ಲ, ಹಾಗಂತ ಇರುವುದನ್ನೂ ಕಿತ್ತುಕೊಳ್ಳುತ್ತೀರಾ ಎಂದು ಮೂರನೆಯವರು ಜಗಳಕ್ಕೇ ನಿಂತರು. ಗದ್ದಲ ಕೇಳಿ ಒಳಗಿನಿಂದ ಜೂನಿಯರ್ ಎಂಜಿನಿಯರ್ ದೀಕ್ಷಿತಾ ಹೊರಬಂದರು. ಕೆಲಸಕ್ಕೆ ಸೇರಿ ಹೆಚ್ಚು ಸಮಯವಾಗಿರದ ಹುಡುಗಿ. ಅರ್ಜಿಯನ್ನು ಎರಡು ಸಲ ಓದಿದರು. ನಗಲಿಲ್ಲ. ನಗದೇ ಇರುವುದಕ್ಕೆ ಅವರು ಪಟ್ಟ ಪ್ರಯತ್ನ ಎದ್ದು ಕಾಣುತ್ತಿತ್ತು.

"ಅಂಕಲ್, ನಾನೇ ಬಂದು ನೋಡ್ತೇನೆ. ಈ ದೇಶಗಳನ್ನೆಲ್ಲ ನನಗೊಮ್ಮೆ ನೋಡಬೇಕು."

ಶೆಟ್ಟರು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸಂಜೆ ಎದುರುಮನೆಯ ಮಾಧವ ಭಟ್ಟರು ಗೇಟಿನ ಹತ್ತಿರ ಬಂದು ನಿಂತರು. ಅವರ ಹೆಂಡತಿ, ನಿವೃತ್ತ ಟೀಚರ್ ಪ್ರಭಾವತಿ, ಅವರನ್ನು ಹಿಂದಿನಿಂದ ತಿವಿಯುತ್ತಿದ್ದರು.

"ದೇವದಾಸರೇ, ನಿಮ್ಮ ಮನೆಗೆ ಕೆನಡಾದಿಂದ ಕರೆಂಟು ಬರ್ತದಂತೆ, ಹೌದಾ?"

"ಕರೆಂಟು ಇಲ್ಲಿಯದ್ದೇ. ಪಾಲು ಮಾತ್ರ ಕೆನಡಾದ್ದು."

"ಅದೇ ನಾನು ಇವಳಿಗೆ ಹೇಳಿದ್ದು, ಅಷ್ಟು ಉದ್ದದ ವಯರು ಎಲ್ಲಿಂದ ತರುವುದು ಅಂತ" ಎಂದು ಭಟ್ಟರು ಗೆದ್ದ ದನಿಯಲ್ಲಿ ಹೆಂಡತಿಯ ಕಡೆ ತಿರುಗಿದರು.

ಇದೇ ಸುದ್ದಿ ಕಾರ್ಕಳದ ಅಜ್ಜಿಯ ಮೂಲಕ ಟೊರೊಂಟೋಕ್ಕೂ ಹೋಯಿತು. ಕಾರ್ಲ್ಟನ್ನನ ತಾಯಿ ಸೆಲೀನ್ ಫೋನು ಮಾಡಿದರು.

"ದೇವದಾಸಣ್ಣ, ನನ್ನ ಮಗನಿಗೆ ಒಬ್ಬನಿಗೇ ಹತ್ತು ಜನರ ಕರೆಂಟು ಕೊಡ್ತಾ ಇದ್ದೀರಂತೆ. ಅವನು ಎಂತ ತಪ್ಪು ಮಾಡಿದ?"

"ತಪ್ಪು ಎಂತದ್ದೂ ಇಲ್ಲ ಸೆಲೀನ್ ಬಾಯಿ. ನಿಮ್ಮ ದೇಶದ ಲೆಕ್ಕ ಅದು."

"ಇಲ್ಲಿ ಅವನ ಅಪ್ಪ ಲೈಟು ಆರಿಸು, ಲೈಟು ಆರಿಸು ಅಂತ ಬೊಬ್ಬೆ ಹೊಡೆದೇ ಅವನನ್ನು ಬೆಳೆಸಿದ್ದು. ನೀವು ಹಾಳು ಮಾಡಬೇಡಿ. ಇಲ್ಲಿ ಕರೆಂಟು ಖರ್ಚಾಗುವುದು ಚಳಿಗೆ. ಮನೆ ಪೂರ್ತಿ ಬಿಸಿ ಮಾಡಬೇಕು. ಪರ್ಕಳದಲ್ಲಿ ಚಳಿ ಉಂಟಾ?"

"ಇಲ್ಲ. ಆದರೆ ನಮ್ಮ ಕಡೆಯಿಂದ ಕೊರತೆ ಮಾಡುವುದಿಲ್ಲ."

ಕುಶಲಕ್ಕನಿಗೆ ಫೋನು ಕೊಡಿ ಎಂದರು ಸೆಲೀನ್. ಇಬ್ಬರು ಹೆಂಗಸರು ತುಳುವಿನಲ್ಲಿ ಬಹಳ ಹೊತ್ತು ಮಾತಾಡಿದರು. ನಡುನಡುವೆ ಶೆಟ್ಟರ ಕಡೆ ನೋಡಿದರು. ಅಂದರೆ ಕುಶಲಕ್ಕ ನೋಡಿದರು, ಸೆಲೀನ್ ನೋಡಿದ ಹಾಗೆ ಶೆಟ್ಟರಿಗೆ ಅನ್ನಿಸಿತು.

ಅಷ್ಟರಲ್ಲಿ ಮೇಲಿನ ಅಂತಸ್ತಿನಲ್ಲಿ, ಜಗತ್ತಿನಲ್ಲಿ ಆಗುವುದೇ ಆಯಿತು. ಜನ ಕರೆಂಟು ಇದ್ದ ಕಡೆ ಹೋದರು. ಮೊದಲು ಪ್ರವೀಣ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ಕೆನಡಾಕ್ಕೆ ಹೋದ. ಹಿಂದಿನಿಂದ ರೋಹಿತ್ ಇಂಡಕ್ಷನ್ ಒಲೆ, ರೈಸ್ ಕುಕ್ಕರು, ಕಾಪುವಿನ ಅಜ್ಜಿ ಕೊಟ್ಟ ಕೂಲರು ಎಲ್ಲವನ್ನೂ ಹೊತ್ತುಕೊಂಡು ಹೋದ. ಒಂದು ಪ್ಲಗ್ಗಿಗೆ ಒಂದು ಬಾಕ್ಸು, ಆ ಬಾಕ್ಸಿಗೆ ಇನ್ನೊಂದು ಬಾಕ್ಸು ಸಿಕ್ಕಿಸಿದರು. ಹತ್ತು ಎಳೆಯ ಫ್ಯೂಸು ಯಾರನ್ನೂ ಬೇಡ ಎನ್ನಲಿಲ್ಲ. ಗೋಡೆಯ ಒಳಗಿನ ವಯರು ಮಾತ್ರ ಶೆಟ್ಟರ ತಂದೆಯ ಕಾಲದ್ದು, ಬಲ್ಬಿಗೆಂದು ಎಳೆದದ್ದು. ಅದನ್ನು ಯಾರೂ ಕೇಳಲಿಲ್ಲ.

ತನ್ನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದೆ ಕಾರ್ಲ್ಟನ್ ಪುಸ್ತಕ ತೆಗೆದುಕೊಂಡು ಪ್ರವೀಣನ ಖಾಲಿ ಕೋಣೆಗೆ ಹೋದ. ಅಲ್ಲಿ ಒಂದು ಬಲ್ಬು, ಒಂದು ಫ್ಯಾನು ಇತ್ತು. ಅವನಿಗೆ ಬೇಕಾದದ್ದೂ ಅಷ್ಟೇ.

ಒಕ್ಕಲಿನ ಹಿಂದಿನ ದಿನ ಬಂತು. ಬೆಳಿಗ್ಗೆಯೇ ಕುಶಲಕ್ಕ ಅಕ್ಕಿ, ಉದ್ದು ನೆನೆಹಾಕಿದ್ದರು. ಅಡುಗೆಮನೆಯ ಒಂದು ಎಳೆಯ ಫ್ಯೂಸಿನಲ್ಲಿ ಗ್ರೈಂಡರು ತಿರುಗುವುದಿಲ್ಲ, ಗಂಡ ತತ್ವ ಬಿಡುವುದಿಲ್ಲ. ಮಧ್ಯಾಹ್ನ ಶೆಟ್ಟರು ಹಿತ್ತಲಿಗೆ ಹೋದಾಗ ಮೇಲಿನ ಕಿಟಕಿಯಿಂದ ಒಂದು ಉದ್ದನೆಯ ಕೆಂಪು ವಯರು ಇಳಿದು, ಬಟ್ಟೆ ಒಣಹಾಕುವ ಹಗ್ಗದ ಮೇಲೆ ಹಾದು, ಅಡುಗೆಮನೆಯ ಕಿಟಕಿಯೊಳಗೆ ಹೋಗಿರುವುದು ಕಂಡಿತು. ಒಳಗೆ ಗ್ರೈಂಡರು ಗುರ್ ಎಂದು ತಿರುಗುತ್ತಿತ್ತು.

"ಇದು ಎಂತದ್ದು?"

"ಎಂತ ಇಲ್ಲ. ನನಗೂ ವೀಸಾ ಸಿಕ್ಕಿತು" ಎಂದರು ಕುಶಲಕ್ಕ. "ಉದ್ದು ಆಯ್ತು. ಅಕ್ಕಿ ಹಾಕಿದ್ದೇನೆ. ಸಂಜೆಯ ಒಳಗೆ ಮುಗಿದರೆ ನಾಳೆ ಬೆಳಗಿಗೆ ಹುಳಿ ಬರ್ತದೆ. ಈಗ ನೀವು ಒಂದು ಕಡೆ ಕೂತುಕೊಂಡರೆ ಅದೇ ದೊಡ್ಡ ಉಪಕಾರ."

ಶೆಟ್ಟರು ಒಂದು ಕಡೆ ಕೂತುಕೊಳ್ಳಲೆಂದೇ ಜಗಲಿಗೆ ಬಂದರು. ಆದರೆ ಗೇಟಿನಲ್ಲಿ ದೀಕ್ಷಿತಾ ಮೇಡಂ ಸ್ಕೂಟರು ನಿಲ್ಲಿಸುತ್ತಿದ್ದರು.

ಶೆಟ್ಟರಿಗೆ ಸಂಭ್ರಮ. ಕುರ್ಚಿ ಹಾಕಿದರು, ಎಳನೀರಿನ ಬೊಂಡ ಕೆತ್ತಿ ಕೊಟ್ಟರು, ಹಾಳೆ ತೋರಿಸಿದರು. ದೀಕ್ಷಿತಾ ಬೊಂಡ ಮುಗಿಸಿ ಫ್ಯೂಸು ಬೋರ್ಡಿನ ಮುಂದೆ ನಿಂತರು. ಕೆನಡಾದ ಫ್ಯೂಸನ್ನು ನೋಡಿ ಅವರ ಹುಬ್ಬು ಮೇಲೆ ಹೋಯಿತು.

"ಇದು ಯಾರು ಅಂಕಲ್, ಜಡೆ ಹೆಣೆದದ್ದು?"

"ನಾನೇ" ಎಂದರು ಶೆಟ್ಟರು. ಹೊಗಳಿದರೆಂದು ತಿಳಿದರು. "ಲೋಡು ಎಷ್ಟು ಉಂಟು ಅಂತ ನೀವು ಕಣ್ಣಾರೆ ನೋಡಬೇಕು ಮೇಡಂ. ಬರೀ ಬಾಯಲ್ಲಿ ಹೇಳಿದರೆ ನಿಮ್ಮ ಗುಮಾಸ್ತ ನಂಬುವುದಿಲ್ಲ." ಮತ್ತೆ ಮೆಟ್ಟಲಿನ ಬುಡಕ್ಕೆ ಹೋಗಿ ಕತ್ತು ಎತ್ತಿದರು. "ಮಕ್ಕಳೇ, ಇರುವುದನ್ನೆಲ್ಲ ಹಾಕಿ. ಒಂದನ್ನೂ ಬಿಡಬೇಡಿ. ಮೇಡಂ ನೋಡಲಿ."

"ಬೇಡ, ಬೇಡ, ಹಾಕಬೇಡಿ" ಎಂದರು ದೀಕ್ಷಿತಾ.

ಆದರೆ ಬಾಡಿಗೆ ಹುಡುಗರಿಗೆ ಮನೆಯ ಯಜಮಾನರಿಂದ ಇಂಥ ಮಾತು ಜನ್ಮದಲ್ಲಿ ಒಮ್ಮೆ ಬರುತ್ತದೆ. ಮೇಲೆ ಗೀಸರು, ಒಲೆ, ಕುಕ್ಕರು, ಕೂಲರು, ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಎದ್ದವು. ಜಗಲಿಯ ಬಲ್ಬು ಮೊದಲು ಹಳದಿಯಾಯಿತು, ಆಮೇಲೆ ಕೆಂಪಾಯಿತು. ಅಡುಗೆಮನೆಯಲ್ಲಿ ಗ್ರೈಂಡರಿನ ದನಿ ಇಳಿಯುತ್ತ ಬಂದು, ಕಲ್ಲು ಅಕ್ಕಿಯ ನಡುವೆ ನಿಂತು, ಮೋಟಾರು ಒಂದೇ ಸಮ ಹೂಂಗುಡತೊಡಗಿತು. ಫ್ಯೂಸು ಹೋಗಬೇಕಾದ ಹೊತ್ತು ಅದು. ಹೋಗಲಿಲ್ಲ. ಫ್ಯೂಸಿನ ಕೆಲಸವೇ ಹೋಗುವುದು ಎಂಬ ಸಂಗತಿ ಶೆಟ್ಟರ ಹಾಳೆಯಲ್ಲಿರಲಿಲ್ಲ. ಅದರ ಬದಲು ಕೆನಡಾದ ಗೋಡೆಯೊಳಗೆ ಚಟಚಟ ಎಂದಿತು, ಕಿಟಕಿಯಿಂದ ಕಪ್ಪು ಹೊಗೆ ಬಂತು, ಕೆಂಪು ವಯರು ಹಗ್ಗದ ಮೇಲೆಯೇ ಕರಗಿ ಅಲ್ಲಿ ಒಣಗುತ್ತಿದ್ದ ಶೆಟ್ಟರ ಲುಂಗಿಗೆ ಅಂಟಿಕೊಂಡಿತು.

ದೀಕ್ಷಿತಾ ಹಾರಿ ಮೇನ್ ಸ್ವಿಚ್ಚು ಕೆಳಗೆಳೆದರು. "ಎಲ್ಲ ಹೊರಗೆ ಬನ್ನಿ" ಎಂದು ಕೂಗಿದರು.

ಹೊಗೆಯ ನಡುವಿನಿಂದ ಅರ್ಧ ಇಸ್ತ್ರಿಯ ಅಂಗಿ ಹಿಡಿದು ಪ್ರವೀಣ ಬಂದ. ಅನ್ನದ ಕುಕ್ಕರು ತಬ್ಬಿಕೊಂಡು ರೋಹಿತ್ ಬಂದ. ಎಲ್ಲರಿಗಿಂತ ಕೊನೆಗೆ ನೇಪಾಳದ ಬಾಗಿಲು ತೆರೆದು, ಬೆರಳನ್ನು ಪುಸ್ತಕದ ನಡುವೆ ಇಟ್ಟುಕೊಂಡು ಕಾರ್ಲ್ಟನ್ ಬಂದ.

"ಕೆನಡಾದವನು ಯಾರು?" ಎಂದು ದೀಕ್ಷಿತಾ ಕೇಳಿದರು.

ಕಾರ್ಲ್ಟನ್ ಕೈ ಎತ್ತಿದ. ದೀಕ್ಷಿತಾ ಅವನನ್ನು ನೋಡಿ, ಅವನ ಹರಕು ಬನಿಯನ್ನು ನೋಡಿ, ಬರೆದುಕೊಳ್ಳಲು ತೆಗೆದ ಪೆನ್ನನ್ನು ಹಾಗೆಯೇ ಹಿಡಿದುಕೊಂಡರು. ಕೊನೆಗೆ ಬರೆದದ್ದು ಇಷ್ಟೇ: ಪೂರ್ತಿ ವಯರಿಂಗ್ ಹೊಸದಾಗಿ ಆಗುವವರೆಗೆ ಈ ಮನೆಗೆ ಕರೆಂಟು ಇಲ್ಲ.

ಕುಶಲಕ್ಕ ಬೊಬ್ಬೆ ಹೊಡೆಯಲಿಲ್ಲ. ಅದರಿಂದ ಶೆಟ್ಟರಿಗೆ ಹೆದರಿಕೆಯಾಯಿತು. ಅವರು ನೆನೆದ ಅಕ್ಕಿಯೊಳಗೆ ಕೈ ಇಟ್ಟುಕೊಂಡು ಮಣೆಯ ಮೇಲೆ ಕುಳಿತಿದ್ದರು.

"ಕುಶಲಾ, ಕಾರ್ಕಳದ ಕ್ಯಾಟರಿಂಗಿನವರಿಗೆ ಫೋನು ಮಾಡಿದರೆ..." ಎಂದು ಶೆಟ್ಟರು ಶುರುಮಾಡಿದರು.

"ಮಾಡಿ. ಆಮೇಲೆ ನೀವೂ ಅವರ ಮನೆಯಲ್ಲೇ ಇರಿ."

ಕುಶಲಕ್ಕ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಟ್ಟದ ಮೇಲಿನ ಸ್ಟೀಲು ಪಾತ್ರೆಗಳನ್ನೆಲ್ಲ ಕೆಳಗಿಳಿಸಿದರು. ಹನ್ನೊಂದು ಇದ್ದವು.

"ಈ ಬೀದಿಯಲ್ಲಿ ಮಿಕ್ಸಿ ಇಲ್ಲದ ಮನೆ ಇಲ್ಲ. ಹಿಡಿಯಿರಿ."

ಶೆಟ್ಟರು ಪಾತ್ರೆ ಹಿಡಿದರು. ಆದರೆ ಬುದ್ಧಿ ಕೆಲಸ ಮಾಡುತ್ತಲೇ ಇತ್ತು. "ಭಟ್ಟರ ಮಿಕ್ಸಿ ದೊಡ್ಡದು. ಅವರಿಗೆ ಮೂರು ಪಾಲು ಹಾಕಿದರೆ, ಆಚೆಮನೆಯವರಿಗೆ..."

"ಎಲ್ಲರಿಗೂ ಒಂದೇ ಸೌಟು, ಒಂದೇ ಅಳತೆ. ಬಾಯಿ ಮುಚ್ಚಿ ನಡೆಯಿರಿ."

ಶೆಟ್ಟರು, ಮೂವರು ಹುಡುಗರು, ಕೊನೆಗೆ ಸ್ಕೂಟರಿನಲ್ಲಿ ದೀಕ್ಷಿತಾ ಮೇಡಂ ಸಹ, ಅಕ್ಕಿಯ ಪಾತ್ರೆ ಹಿಡಿದು ಮನೆಮನೆಗೆ ಹೋದರು. ಪ್ರತಿ ಪಾತ್ರೆಯ ಜೊತೆ ಉದ್ದಿನ ಹಿಟ್ಟಿನ ಒಂದು ಪಾಲು. ಅರೆದು, ಬೆರೆಸಿ, ಹುಳಿ ಬರಲು ಆಯಾ ಮನೆಯಲ್ಲೇ ಇಡಬೇಕು. ಅಷ್ಟನ್ನೂ ಒಟ್ಟಿಗೆ ಹಿಡಿಸುವ ಪಾತ್ರೆ ಬೀದಿಯಲ್ಲಿರಲಿಲ್ಲ.

"ಅಕ್ಕಿ ತರಿ ಇರಬೇಕಾ, ನುಣ್ಣಗಾ?" ಎಂದು ಪ್ರಭಾವತಿ ಟೀಚರ್ ಕೇಳಿದರು.

"ಸಣ್ಣ ತರಿ ಅಂತ ಹೇಳಿದ್ದಾಳೆ."

"ಸಣ್ಣ ಅಂದರೆ ಎಷ್ಟು ಸಣ್ಣ?"

ಶೆಟ್ಟರ ಹತ್ತಿರ ಇದಕ್ಕೆ ಹಾಳೆ ಇರಲಿಲ್ಲ. ಟೀಚರ್ ತಮ್ಮ ಯಜಮಾನರ ಹಲ್ಲನ್ನು ನೆನೆದು ಗಂಧದ ಹಾಗೆ ಅರೆದರು. ಆಚೆಮನೆಯ ಸಿರಿಲ್ ರವೆಯ ಹಾಗೆ ಅರೆದ. ಅವನ ಹೆಂಡತಿ ಮನೆಯಲ್ಲಿರಲಿಲ್ಲ, ಅವನು ಹುಟ್ಟಿದ ಮೇಲೆ ಮಿಕ್ಸಿ ಮುಟ್ಟಿದ್ದು ಅದೇ ಮೊದಲು. ಕೊನೆಯ ಮನೆಯವರು ಅರ್ಧ ನುಣ್ಣಗೆ, ಅರ್ಧ ತರಿ ಮಾಡಿ, ಯಾವುದಕ್ಕೂ ಇರಲಿ ಎಂದರು. ಹನ್ನೊಂದು ಮನೆಗಳಲ್ಲಿ ಹನ್ನೊಂದು ಬಗೆಯ ಹಿಟ್ಟು ರಾತ್ರಿಯೆಲ್ಲ ಉಬ್ಬಿತು.

ಬೆಳಿಗ್ಗೆ ಬಾಡಿಗೆಯ ಟೆಂಪೋದಲ್ಲಿ ಪಾತ್ರೆಗಳ ನಡುವೆ ಕುಶಲಕ್ಕ, ಡ್ರೈವರಿನ ಪಕ್ಕ ಶೆಟ್ಟರು, ಹಿಂದೆ ಹುಡುಗರು. ಕುಕ್ಕುಂದೂರಿನಲ್ಲಿ ಎಲೆಯ ಕೊಳವೆಗಳನ್ನು ತುಂಬಿಸಿ ಬೇಯಲು ಇಟ್ಟರು. ಕುಶಲಕ್ಕ ಯಾರ ಮುಖವನ್ನೂ ನೋಡಲಿಲ್ಲ. ಅಣ್ಣನ ಮನೆಯ ಮೆಟ್ಟಲನ್ನು ಮಾತ್ರ ಒಮ್ಮೆ ನೋಡಿದರು. ಗ್ರಾನೈಟಿನದ್ದು, ಹೊಸದು, ಏಳು ಮೆಟ್ಟಲು.

ಪಂಕ್ತಿ ಕೂತಿತು. ಅತ್ತಿಗೆ ಒಂದು ಮೂಡೆ ಬಿಡಿಸಿ, ಮುರಿದು, ಬಾಯಿಗೆ ಹಾಕಿ, ನಿಧಾನವಾಗಿ ಅಗಿದರು. ಅವರ ಪಾಲಿಗೆ ಬಂದದ್ದು ಸಿರಿಲನದ್ದು.

"ತರಿ ಹೆಚ್ಚಾಯಿತಲ್ಲ?" ಎಂದು ಅವರು ಎಲ್ಲರಿಗೂ ಕೇಳುವಂತೆ ಪಕ್ಕದಲ್ಲಿ ಕೂತ ತಮ್ಮ ಅಕ್ಕನನ್ನು ಕೇಳಿದರು.

"ತರಿ? ಎಲ್ಲಿ ಉಂಟು ತರಿ?" ಎಂದರು ಅಕ್ಕ. ಅವರ ಎಲೆಯಲ್ಲಿದ್ದದ್ದು ಪ್ರಭಾವತಿ ಟೀಚರ ಮೂಡೆ. "ಬೆಣ್ಣೆಯ ಹಾಗೆ ಉಂಟು. ಸ್ವಲ್ಪ ಹೆಚ್ಚೇ ನುಣ್ಣಗಾಯಿತು."

"ನುಣ್ಣಗಾ? ನಿನಗೆ ಹಲ್ಲಿನ ತೊಂದರೆ ಉಂಟು."

"ನನ್ನ ಹಲ್ಲು ಸರಿ ಉಂಟು. ನಿನ್ನ ನಾಲಗೆ ತೋರಿಸಿಕೋ."

ಎದುರಿನ ಸಾಲಿನ ನೆಂಟರೊಬ್ಬರು ಇಬ್ಬರೂ ತಪ್ಪು, ಮೂಡೆ ಹದವಾಗಿದೆ ಎಂದರು. ಅವರ ಪಕ್ಕದವರು ಹದ ಸರಿ, ಹುಳಿ ಕಡಿಮೆ ಎಂದರು. ಅವರ ಆಚೆಯವರು ಹುಳಿ ಹೆಚ್ಚಾಯಿತು ಎಂದು ಎರಡನೆಯದು ಹಾಕಿಸಿಕೊಂಡರು. ಮುನ್ನೂರು ಜನ ಉಣ್ಣುವಷ್ಟು ಹೊತ್ತೂ ಈ ಚರ್ಚೆ ನಡೆಯಿತು. ಯಾವ ಇಬ್ಬರ ಮಾತೂ ಒಂದಾಗಲಿಲ್ಲ. ಅತ್ತಿಗೆ ಎರಡು ಸಾಲು ದಾಟಿ ಮೂರು ಸಲ ತಮ್ಮ ಪರವಾಗಿ ಒಂದು ಸಾಕ್ಷಿ ಹುಡುಕಿದರು. ಸಿಕ್ಕಿದ ಪ್ರತಿಯೊಬ್ಬರೂ ಅವರಿಗೇ ತಿರುಗಿ ಬುದ್ಧಿ ಹೇಳಿದರು. ಕೊನೆಗೆ ಅವರು ಸೋತು ನೀರು ಕುಡಿದರು.

"ಹೇಗುಂಟು ಅತ್ತಿಗೆ?" ಎಂದು ಕುಶಲಕ್ಕ ಅವರ ಎಲೆಗೆ ಇನ್ನೊಂದು ಬಡಿಸುತ್ತ ಕೇಳಿದರು.

"ಎಂತ ಹೇಳುವುದು, ಒಬ್ಬೊಬ್ಬರು ಒಂದೊಂದು ಹೇಳ್ತಾರೆ" ಎಂದರು ಅತ್ತಿಗೆ.

ಕುಶಲಕ್ಕ ಸೌಟು ಹಿಡಿದುಕೊಂಡೇ ಏಳು ಮೆಟ್ಟಲು ಹತ್ತಿ ಒಳಗೆ ಹೋಗಿ, ಅಣ್ಣನ ಹೊಸ ಅಡುಗೆಮನೆಯಲ್ಲಿ ಕುಳಿತು, ತಾನೂ ಎರಡು ಮೂಡೆ ತಿಂದರು. ಒಂದನ್ನು ಶೆಟ್ಟರಿಗೆ ಕೊಟ್ಟರು. ಶೆಟ್ಟರು ಇನ್ನೊಂದು ಕೇಳುವ ಧೈರ್ಯ ಮಾಡಲಿಲ್ಲ. ಅವರು ಕೇಳದೆಯೇ ಇನ್ನೊಂದು ಬಂತು.

ಒಟ್ಟು ಹೋದದ್ದು ಇಷ್ಟು: ಗ್ರೈಂಡರಿನ ಮೋಟಾರು ಒಂದು. ಇಸ್ತ್ರಿಪೆಟ್ಟಿಗೆ ಒಂದು. ಎಕ್ಸ್‌ಟೆನ್ಶನ್ ಬಾಕ್ಸು ಎರಡು. ಲುಂಗಿ ಒಂದು. ಸಿರಿಲನ ಮನೆಯ ಮಿಕ್ಸಿ ಜಾರು ಒಂದು. ಮೇಲಿನ ಅಂತಸ್ತಿನ ವಯರಿಂಗು ಪೂರ್ತಿ. ಬೀದಿಗೆ ಹೋದ ಪಾತ್ರೆ ಹನ್ನೊಂದು, ತಿರುಗಿ ಮನೆಗೆ ಬಂದದ್ದು ಹತ್ತು.